ಹಸ್ತಪ್ರತಿ ಅಧ್ಯಯನದಲ್ಲಿ ಆಯತಚಿತ್ರ ಮತ್ತು ಸಾರಸಂಖ್ಯೆಗಳು: ‘ಆರ್’ ಗಣಕಭಾಷೆಯ ಪ್ರಥಮ ಪರಿಚಯ

ತಾಡವೋಲೆಯ ಒಂದು ಕಟ್ಟು ಕೈಗೆ ಬಂದಾಗ ಸೂಚಿಕಾರನು ಮೊದಲು ಗುರುತಿಸಿಕೊಳ್ಳುವುದು ಅಂಕಿಗಳನ್ನೇ. ಗರಿಗಳು ಎಷ್ಟು, ಗರಿಯ ಉದ್ದ ಅಗಲಗಳೆಷ್ಟು, ಪುಟಕ್ಕೆ ಪಂಕ್ತಿಗಳೆಷ್ಟು, ಪಂಕ್ತಿಗೆ ಅಕ್ಷರಗಳೆಷ್ಟು ಎಂಬ ವಿವರಗಳಿಲ್ಲದ ಸೂಚಿಯು ಅಪೂರ್ಣವೆಂದೇ ಎಣಿಕೆ. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಸಂಪಾದಿಸಿ 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠವು ಪ್ರಕಟಿಸಿದ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ಯಿಂದ ಈಚೆಗೆ ಈ ಪರಿಪಾಟಿ ಕನ್ನಡ ನಾಡಿನ ಜೈನ ಭಂಡಾರಗಳ ಅಭ್ಯಾಸಿಗಳಿಗೆ ಚಿರಪರಿಚಿತವಾಗಿದೆ. ಆದರೆ ಹೀಗೆ ಸಂಗ್ರಹವಾದ ಅಂಕಿಗಳು ಬಹುಮಟ್ಟಿಗೆ ಸೂಚಿಯ ಕೋಷ್ಟಕದಲ್ಲಿಯೇ ಉಳಿದುಬಿಡುತ್ತವೆ. ಅವುಗಳನ್ನು ಒಟ್ಟಿಗೆ ನೋಡಿ, ಅವು ಹೇಳುವ ಸಂಗತಿಯನ್ನು ಕೇಳುವ ಕ್ರಮವು ಇನ್ನೂ ರೂಢಿಗೆ ಬಂದಿಲ್ಲ.

ಅಂಕಿಗಳ ರಾಶಿಯನ್ನು ಕೆಲವೇ ಸಂಖ್ಯೆಗಳಿಗೆ ಇಳಿಸುವುದನ್ನು ಸಾರಸಂಖ್ಯೆಗಳ ಗಣನೆ ಎನ್ನಬಹುದು. ಅದೇ ರಾಶಿಯ ಹಂಚಿಕೆಯನ್ನು ಕಣ್ಣಿಗೆ ಕಾಣುವಂತೆ ಒತ್ತೊತ್ತಾದ ಕಂಬಗಳಲ್ಲಿ ಬರೆಯುವುದು ಆಯತಚಿತ್ರ. ಇದನ್ನು ಹಿಸ್ಟೋಗ್ರಾಮ್ ಎಂದೂ ಕರೆಯುತ್ತಾರೆ. ಈ ಎರಡು ಕೆಲಸಗಳನ್ನೂ ‘ಆರ್’ ಎಂಬ ಗಣಕಭಾಷೆಯ ನೆರವಿನಿಂದ, ಗಣಿತದ ವಿಶೇಷ ಶಿಕ್ಷಣವಿಲ್ಲದ ವಿದ್ವಾಂಸರೂ ಹೇಗೆ ಮಾಡಿಕೊಳ್ಳಬಹುದೆಂಬುದನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ. ಅದರ ಜತೆಗೆ, ಸಂಖ್ಯೆಯನ್ನು ಎಲ್ಲಿ ನಂಬಬೇಕು, ಎಲ್ಲಿ ನಂಬಬಾರದು ಎಂಬ ವಿವೇಕವನ್ನೂ ಇಲ್ಲಿ ಸೂಚಿಸಲಾಗಿದೆ.

ಸರಾಸರಿಯ ಪೂರ್ವೇತಿಹಾಸ

ಸರಾಸರಿಯ ಕಲ್ಪನೆಯು ಜೈನ ಗಣಿತಕ್ಕೆ ಹೊಸತಲ್ಲ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ. ಶ. 850ರ ಸುಮಾರಿಗೆ, ಮಹಾವೀರಾಚಾರ್ಯನು ರಚಿಸಿದ ‘ಗಣಿತಸಾರಸಂಗ್ರಹ’ದ ಖಾತವ್ಯವಹಾರ ಪ್ರಕರಣವು ತೋಡಿದ ಗುಂಡಿಗಳ ಘನಫಲವನ್ನು ಕುರಿತದ್ದು. ಗುಂಡಿಯ ಆಳವು ಎಲ್ಲ ಕಡೆಯೂ ಒಂದೇ ಆಗಿರದಿದ್ದರೆ ಹಲವು ಸ್ಥಳಗಳಲ್ಲಿ ಅಳೆದು, ಕೂಡಿಸಿ, ಸ್ಥಳಗಳ ಸಂಖ್ಯೆಯಿಂದ ಭಾಗಿಸಬೇಕು. ಈ ಕ್ರಿಯೆಯನ್ನು ಬ್ರಹ್ಮಗುಪ್ತನು 628ರಲ್ಲಿ ಸಮರಜ್ಜು ಎಂದನು; ಮಹಾವೀರಾಚಾರ್ಯನು ಸಮೀಕರಣ ಎಂದನು; 1150ರಲ್ಲಿ ಎರಡನೆಯ ಭಾಸ್ಕರಾಚಾರ್ಯನು ಸಮಮಿತಿ ಎಂದು ಕರೆದನು. ಲೀಲಾವತಿಗೆ 1545ರಲ್ಲಿ ‘ಬುದ್ಧಿವಿಲಾಸಿನಿ’ ಎಂಬ ವ್ಯಾಖ್ಯಾನವನ್ನು ಬರೆದ ಗಣೇಶ ದೈವಜ್ಞನು, ಅಳೆಯುವ ಸ್ಥಳಗಳು ಹೆಚ್ಚಿದಷ್ಟೂ ಫಲವು ಸೂಕ್ಷ್ಮವಾಗುವುದೆಂದು ಗಮನಿಸಿದ್ದಾನೆ. ಗಣಿತಸಾರಸಂಗ್ರಹವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಿಂದ ಪ್ರಕಟಿಸಿದ ಮೇಲೆ ಈ ವಿಷಯಗಳು ಲೋಕವಿದಿತವಾದವು.

ಆಯತಚಿತ್ರವಾದರೋ ಈಚಿನದು. ಹಿಸ್ಟೋಗ್ರಾಮ್ ಎಂಬ ಹೆಸರನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಬಳಕೆಗೆ ತಂದವನು ಇಂಗ್ಲೆಂಡಿನ ಕಾರ್ಲ್ ಪಿಯರ್‌ಸನ್. ಅಲ್ಲಿಂದೀಚೆಗೆ ಸಂಖ್ಯಾಶಾಸ್ತ್ರವು ಬೆಳೆದ ಬಗೆಯಲ್ಲಿ ಕನ್ನಡ ನೆಲದ ಪಾಲೂ ಉಂಟು. ಈ ಶಾಸ್ತ್ರದ ಮಹಾವಿದ್ವಾಂಸರಲ್ಲೊಬ್ಬರಾದ ಸಿ. ಆರ್. ರಾವ್ ಅವರು (1920–2023) ಹುಟ್ಟಿದ್ದು ಗದಗ ಜಿಲ್ಲೆಯಿಂದ ತುಂಗಭದ್ರೆಯನ್ನು ದಾಟಿದರೆ ಸಿಕ್ಕುವ ಹೂವಿನ ಹಡಗಲಿಯಲ್ಲಿ.

‘ಆರ್’ ಎಂದರೇನು?

‘ಆರ್’ ಎಂಬುದು ಸಂಖ್ಯಾಶಾಸ್ತ್ರದ ಗಣನೆಗಾಗಿಯೇ ರೂಪಿಸಿದ ಭಾಷೆ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ಎಂಬಿಬ್ಬರು 1990ರ ದಶಕದ ಆರಂಭದಲ್ಲಿ ಇದನ್ನು ರಚಿಸಿದರು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1976ರಿಂದ ಬೆಳೆದ ‘ಎಸ್’ ಎಂಬ ಭಾಷೆ ಇದಕ್ಕೆ ಮಾದರಿ. ಕರ್ತೃಗಳಿಬ್ಬರ ಹೆಸರಿನ ಮೊದಲಕ್ಷರವೇ ಭಾಷೆಯ ಹೆಸರೂ ಆಯಿತು. ಇದರ ಮೊದಲ ಪೂರ್ಣ ಆವೃತ್ತಿ 2000ದ ಫೆಬ್ರುವರಿ 29ರಂದು ಹೊರಬಂದಿತು. ಇದಕ್ಕೆ ಬೆಲೆಯಿಲ್ಲ, ಯಾರು ಬೇಕಾದರೂ ತಮ್ಮ ಗಣಕಯಂತ್ರದಲ್ಲಿ ಇಳಿಸಿಕೊಂಡು ಬಳಸಬಹುದು, ಇತರರಿಗೆ ಹಂಚಬಹುದು. ಅಲ್ಪ ಧನದಿಂದ ನಡೆಯುವ ಸಂಶೋಧನ ಸಂಸ್ಥೆಗಳಿಗೆ ಇದೊಂದು ದೊಡ್ಡ ಅನುಕೂಲ.

ಯಂತ್ರವನ್ನು ತೆರೆದಾಗ ಒಂದು ಬಾಣದ ಗುರುತಿನ ಮುಂದೆ ಬರೆಯಲು ಸ್ಥಳ ಕಾಣುತ್ತದೆ. ಅಲ್ಲಿ ಒಂದು ಆದೇಶವನ್ನು ಬರೆದು ಎಂಟರ್ ಕೀಲಿಯನ್ನು ಒತ್ತಿದರೆ ಕೆಳಗೆ ಉತ್ತರ ಬರುತ್ತದೆ. ಈ ಪುಟಗಳಲ್ಲಿ ಆದೇಶಗಳನ್ನು ಅವುಗಳ ಉಚ್ಚಾರಣೆಯಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಯಂತ್ರದಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಬರೆಯಬೇಕು. ಉದಾಹರಣೆಗೆ ‘ಮೀನ್’ ಎಂದರೆ ಎಂ, ಇ, ಎ, ಎನ್. ‘ಹಿಸ್ಟ್’ ಎಂದರೆ ಎಚ್, ಐ, ಎಸ್, ಟಿ. ಸಣ್ಣಕ್ಷರ ದೊಡ್ಡಕ್ಷರಗಳ ಭೇದವನ್ನು ಈ ಭಾಷೆ ಕಟ್ಟುನಿಟ್ಟಾಗಿ ಪಾಲಿಸುತ್ತದೆ. ಮುಂದೆ ಬರುವ ಆದೇಶಗಳೆಲ್ಲ ಸಣ್ಣಕ್ಷರದವು. ದೊಡ್ಡಕ್ಷರಗಳು ಬೇಕಾದಲ್ಲಿ ಹಾಗೆಂದು ಹೇಳಿದೆ.

ಅಂಕಿಗಳನ್ನು ಒಪ್ಪಿಸುವ ಕ್ರಮ

ಅಭ್ಯಾಸಕ್ಕೆ ವಾಚಕರೆಲ್ಲರಿಗೂ ಕಂಠಸ್ಥವಾಗಿರುವ ಅಂಕಿಗಳನ್ನೇ ತೆಗೆದುಕೊಳ್ಳುವುದು ಲೇಸು. ಉತ್ತರವು ಸರಿಯೋ ತಪ್ಪೋ ಎಂದು ಆಗ ತಾವೇ ಪರೀಕ್ಷಿಸಬಹುದು. ಯತಿವೃಷಭಾಚಾರ್ಯರ ‘ತಿಲೋಯಪಣ್ಣತ್ತಿ’ಯ ನಾಲ್ಕನೆಯ ಮಹಾಧಿಕಾರದಲ್ಲಿಯೂ ಪುರಾಣಗಳಲ್ಲಿಯೂ ಬರುವ ತೀರ್ಥಂಕರರ ಶರೀರೋತ್ಸೇಧವು ಇದಕ್ಕೆ ತಕ್ಕ ಉದಾಹರಣೆ. ವೃಷಭನಾಥನ ಉತ್ಸೇಧ 500 ಧನುಸ್ಸು. ಅಲ್ಲಿಂದ ಒಬ್ಬೊಬ್ಬರಿಗೂ 50 ಧನುಸ್ಸು ಕಡಿಮೆಯಾಗುತ್ತ ಪುಷ್ಪದಂತನಿಗೆ 100. ಅಲ್ಲಿಂದ 10ರಂತೆ ಇಳಿದು ಅನಂತನಾಥನಿಗೆ 50. ಅಲ್ಲಿಂದ 5ರಂತೆ ಇಳಿದು ನೇಮಿನಾಥನಿಗೆ 10. ಪಾರ್ಶ್ವನಾಥನದು 9 ಹಸ್ತ, ವರ್ಧಮಾನನದು 7 ಹಸ್ತ.

ಇಲ್ಲಿಯೇ ಮೊದಲ ಎಚ್ಚರಿಕೆ ಬೇಕು. ಕೊನೆಯ ಎರಡು ಅಂಕಿಗಳ ಮಾನ ಬೇರೆ. ನಾಲ್ಕು ಹಸ್ತಕ್ಕೆ ಒಂದು ಧನುಸ್ಸಾದುದರಿಂದ 9 ಹಸ್ತವನ್ನು 2.25 ಎಂದೂ 7 ಹಸ್ತವನ್ನು 1.75 ಎಂದೂ ಪರಿವರ್ತಿಸಿಕೊಂಡ ಮೇಲೆಯೇ ಯಂತ್ರಕ್ಕೆ ಒಪ್ಪಿಸಬೇಕು. ಯಂತ್ರಕ್ಕೆ ಧನುಸ್ಸು ಹಸ್ತಗಳ ಭೇದ ತಿಳಿಯದು. ಕೊಟ್ಟ ಅಂಕಿಯನ್ನು ಕೊಟ್ಟಂತೆಯೇ ಸ್ವೀಕರಿಸುತ್ತದೆ. ಸೂಚಿಗಳಲ್ಲಿ ಅಂಗುಲ ಮತ್ತು ಸೆಂಟಿಮೀಟರುಗಳು ಬೆರೆತಿರುವಲ್ಲಿಯೂ ಇದೇ ನಿಯಮ.

ಆದೇಶವು ಹೀಗಿದೆ:

ಉತ್ಸೇಧ <- ಸಿ(500, 450, 400, 350, 300, 250, 200, 150, 100, 90, 80, 70, 60, 50, 45, 40, 35, 30, 25, 20, 15, 10, 2.25, 1.75)

‘ಸಿ’ ಎಂಬುದು ಆವರಣದೊಳಗಿನ ಅಂಕಿಗಳನ್ನು ಒಂದು ಮಾಲೆಯಾಗಿ ಕೂಡಿಸುವ ಕ್ರಿಯೆ. ಎಡಕ್ಕೆ ತಿರುಗಿದ ಬಾಣವು ಆ ಮಾಲೆಗೆ ‘ಉತ್ಸೇಧ’ ಎಂಬ ಹೆಸರನ್ನು ಇಡುತ್ತದೆ. ಈ ಹೆಸರನ್ನೂ ಯಂತ್ರದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿಯೇ ಬರೆಯುವುದು ಸುರಕ್ಷಿತ. ಮುಂದೆ ಆ ಹೆಸರನ್ನು ಹೇಳಿದರೆ ಮಾಲೆಯೆಲ್ಲವೂ ಬಂದಂತೆಯೇ. ಅಂಕಿಗಳೆಲ್ಲ ಒಪ್ಪಿತವಾದವೇ ಎಂದು ತಿಳಿಯಲು ‘ಲೆಂಗ್ತ್(ಉತ್ಸೇಧ)’ ಎಂದು ಕೇಳಬೇಕು. 24 ಎಂಬ ಉತ್ತರ ಬಂದರೆ ಸರಿ. 23 ಎಂದಾದರೆ ಒಬ್ಬರು ಬಿಟ್ಟುಹೋಗಿದ್ದಾರೆ ಎಂದರ್ಥ. ಪ್ರತಿ ಮಾಡುವಾಗ ಒಂದು ಪಂಕ್ತಿಯನ್ನು ಹಾರಿ ಬರೆಯುವ ಲಿಪಿಕಾರನ ಸ್ಖಾಲಿತ್ಯವು ಕೀಲಿಮಣೆಯ ಮುಂದೆ ಕುಳಿತವನಿಗೂ ತಪ್ಪಿದ್ದಲ್ಲ.

ಸಾರಸಂಖ್ಯೆಗಳು

ಈಗ ‘ಸಮರಿ(ಉತ್ಸೇಧ)’ ಎಂದು ಬರೆದರೆ ಯಂತ್ರವು ಆರು ಸಂಖ್ಯೆಗಳನ್ನು ಕೊಡುತ್ತದೆ: ಕನಿಷ್ಠ 1.75, ಪ್ರಥಮ ಚತುರ್ಥಕ 28.75, ಮಧ್ಯಾಂಕ 65, ಸರಾಸರಿ 136.42, ತೃತೀಯ ಚತುರ್ಥಕ 212.5, ಗರಿಷ್ಠ 500. ಇವುಗಳ ಅರ್ಥವನ್ನು ಒಂದೊಂದಾಗಿ ನೋಡಬೇಕು.

ಸರಾಸರಿಯು ಮಹಾವೀರಾಚಾರ್ಯನ ಸಮೀಕರಣವೇ. ಅಂಕಿಗಳೆಲ್ಲದರ ಮೊತ್ತ 3274. ಇದನ್ನು 24ರಿಂದ ಭಾಗಿಸಿದರೆ 136.42. ಮಧ್ಯಾಂಕವು ಬೇರೆ ಬಗೆಯದು. ಅಂಕಿಗಳನ್ನು ಏರಿಕೆಯ ಕ್ರಮದಲ್ಲಿ ನಿಲ್ಲಿಸಿದಾಗ ನಡುವೆ ಬರುವುದೇ ಮಧ್ಯಾಂಕ. ಇಲ್ಲಿ ಸಂಖ್ಯೆ ಸಮವಾದುದರಿಂದ ನಡುವಿನವರು ಇಬ್ಬರು: 70 ಧನುಸ್ಸಿನ ವಾಸುಪೂಜ್ಯ ಮತ್ತು 60 ಧನುಸ್ಸಿನ ವಿಮಲನಾಥ. ಅವೆರಡರ ನಡುವಣ 65 ಮಧ್ಯಾಂಕವಾಯಿತು. ಮಧ್ಯಾಂಕದ ಕೆಳಗೆ ಹನ್ನೆರಡು, ಮೇಲೆ ಹನ್ನೆರಡು ಅಂಕಿಗಳಿವೆ. ಪ್ರಥಮ ಚತುರ್ಥಕದ ಕೆಳಗೆ ಕಾಲುಭಾಗ ಅಂಕಿಗಳೂ ತೃತೀಯ ಚತುರ್ಥಕದ ಮೇಲೆ ಕಾಲುಭಾಗ ಅಂಕಿಗಳೂ ಇರುತ್ತವೆ. ಎರಡರ ನಡುವೆ ಅರ್ಧ ರಾಶಿ ಅಡಗಿರುತ್ತದೆ.

ಸರಾಸರಿಯು ಮಧ್ಯಾಂಕದ ಎರಡರಷ್ಟಕ್ಕೂ ಮಿಗಿಲಾಗಿರುವುದು ಇಲ್ಲಿ ಗಮನಾರ್ಹ. ಆದಿಯ ಕೆಲವರ ಮಹೋತ್ಸೇಧವು ಮೊತ್ತವನ್ನು ಮೇಲಕ್ಕೆ ಎಳೆದಿದೆ. ನಡುವಿನ ಸ್ಥಾನವನ್ನು ಅದು ಅಲುಗಿಸಿಲ್ಲ. ಹೀಗೆ ಇವೆರಡರ ಅಂತರ ಹೆಚ್ಚಾದಲ್ಲಿ ಹಂಚಿಕೆಯು ಒಂದು ಕಡೆಗೆ ವಾಲಿದೆಯೆಂದು ಊಹಿಸಬಹುದು.

ಒಂದು ಪ್ರಯೋಗವನ್ನೂ ಮಾಡಿ ನೋಡಬಹುದು. ಕೈತಪ್ಪಿ 500ಕ್ಕೆ ಬದಲು 5000 ಎಂದು ಬರೆದರೆ ಸರಾಸರಿಯು 323.92ಕ್ಕೆ ಏರುತ್ತದೆ, ಮಧ್ಯಾಂಕವು 65 ಆಗಿಯೇ ಇರುತ್ತದೆ. ಒಂದೇ ಒಂದು ಸೊನ್ನೆಯು ಸರಾಸರಿಯನ್ನು ಕೆಡಿಸಿತು, ಮಧ್ಯಾಂಕವನ್ನು ಕೆಡಿಸಲಿಲ್ಲ. ಆದರೆ ಗರಿಷ್ಠದ ಸ್ಥಾನದಲ್ಲಿ 5000 ಎಂದು ಕಂಡ ಕೂಡಲೇ ತಿಳಿದವರು ತಪ್ಪನ್ನು ಹಿಡಿಯುತ್ತಾರೆ. ಇದಕ್ಕೆ ವಿರುದ್ಧವಾಗಿ ಹಸ್ತಗಳನ್ನು ಪರಿವರ್ತಿಸದೆ 9, 7 ಎಂದೇ ಬರೆದಿದ್ದರೆ ಸರಾಸರಿಯು 136.92 ಆಗುತ್ತಿತ್ತು, ಅಂತರವು ಅರ್ಧ ಧನುಸ್ಸು ಮಾತ್ರ. ಕನಿಷ್ಠ ಗರಿಷ್ಠಗಳಲ್ಲಿಯೂ ಅಸಂಭವವೆನಿಸುವಂಥದು ಏನೂ ತೋರುತ್ತಿರಲಿಲ್ಲ. ದೊಡ್ಡ ತಪ್ಪು ತಾನಾಗಿ ಬಯಲಾಗುತ್ತದೆ. ಸಣ್ಣ ತಪ್ಪು ಅಡಗಿ ಕುಳಿತಿರುತ್ತದೆ. ಅದನ್ನು ಹಿಡಿಯುವುದು ಯಂತ್ರವಲ್ಲ, ವಿಷಯಜ್ಞಾನ.

ಅಂಕಿಗಳು ಸರಾಸರಿಯಿಂದ ಎಷ್ಟು ದೂರ ಚದರಿವೆ ಎಂಬುದನ್ನು ಮಾನಕ ವಿಚಲನೆಯಿಂದ ಹೇಳುತ್ತಾರೆ. ‘ಎಸ್‌ಡಿ(ಉತ್ಸೇಧ)’ ಎಂಬ ಆದೇಶಕ್ಕೆ 154.07 ಎಂದು ಉತ್ತರ ಬರುತ್ತದೆ. ಪ್ರತಿಯೊಂದು ಅಂಕಿಗೂ ಸರಾಸರಿಗೂ ಇರುವ ಅಂತರವನ್ನು ವರ್ಗಮಾಡಿ, ಕೂಡಿಸಿ, ಭಾಗಿಸಿ, ವರ್ಗಮೂಲವನ್ನು ತೆಗೆದರೆ ಇದು ದೊರೆಯುತ್ತದೆ. ಭಾಗಿಸುವಾಗ ‘ಆರ್’ ಭಾಷೆಯು 24ರಿಂದಲ್ಲ, ಒಂದು ಕಡಿಮೆಯಾದ 23ರಿಂದ ಭಾಗಿಸುತ್ತದೆ. ದೊಡ್ಡ ಸಮೂಹದಿಂದ ಆಯ್ದ ಕೆಲವು ಅಂಕಿಗಳು ಇವು ಎಂಬ ಭಾವನೆಯಿಂದ ಮಾಡಿದ ಏರ್ಪಾಡು ಅದು. ತೀರ್ಥಂಕರರು ಇಪ್ಪತ್ತನಾಲ್ವರೇ, ಇದು ಪೂರ್ಣಸಮೂಹ. ಆದಕಾರಣ 24ರಿಂದಲೇ ಭಾಗಿಸಿದರೆ ಸಲ್ಲುತ್ತದೆ, ಆಗ 150.83 ಬರುತ್ತದೆ. ಭಂಡಾರದ ನೂರು ಕಟ್ಟುಗಳಲ್ಲಿ ಹತ್ತನ್ನು ಮಾತ್ರ ಅಳೆದವರಿಗೆ ಯಂತ್ರದ ಕ್ರಮವೇ ಸರಿ.

ಆಯತಚಿತ್ರ

ಈ ಸಾರಸಂಖ್ಯೆಗಳು ರಾಶಿಯ ಆಕಾರವನ್ನು ತೋರಿಸಲಾರವು. ಅದಕ್ಕಾಗಿ ‘ಹಿಸ್ಟ್(ಉತ್ಸೇಧ)’ ಎಂದು ಬರೆಯಬೇಕು. ತೆರೆಯ ಮೇಲೆ ಐದು ಕಂಬಗಳ ಒಂದು ಚಿತ್ರ ಮೂಡುತ್ತದೆ. ಅಡ್ಡರೇಖೆಯಲ್ಲಿ 0ಯಿಂದ 500ರವರೆಗೆ ನೂರು ನೂರರ ವರ್ಗಗಳು. ಕಂಬದ ಎತ್ತರವು ಆ ವರ್ಗದಲ್ಲಿ ಬಿದ್ದ ಅಂಕಿಗಳ ಎಣಿಕೆ, ಅಂದರೆ ಆವೃತ್ತಿ. ಮೊದಲ ಕಂಬದಲ್ಲಿ 16, ಉಳಿದ ನಾಲ್ಕರಲ್ಲಿ ಎರಡೆರಡು. ಸರಾಸರಿ ಮಧ್ಯಾಂಕಗಳ ಅಂತರವು ಸೂಚಿಸಿದ ವಾಲುವಿಕೆಯು ಇಲ್ಲಿ ಪ್ರತ್ಯಕ್ಷವಾಗುತ್ತದೆ. ಕಂಬಗಳು ಒಂದಕ್ಕೊಂದು ತಾಗಿ ನಿಲ್ಲುವುದು ಆಯತಚಿತ್ರದ ಲಕ್ಷಣ. ಒಂದು ವರ್ಗವು ಮುಗಿದಲ್ಲಿಯೇ ಮುಂದಿನದು ತೊಡಗುತ್ತದೆಂಬುದಕ್ಕೆ ಅದು ಸಂಕೇತ.

ವರ್ಗಗಳ ಸಂಖ್ಯೆಯನ್ನು ಯಂತ್ರವು ಸ್ಟರ್ಜಸ್ ಎಂಬಾತನು 1926ರಲ್ಲಿ ಹೇಳಿದ ಸೂತ್ರದಂತೆ ಅಂದಾಜು ಮಾಡುತ್ತದೆ. ಅಂಕಿಗಳ ಎಣಿಕೆಯು ಇಮ್ಮಡಿಯಾದಾಗಲೆಲ್ಲ ಒಂದು ವರ್ಗ ಹೆಚ್ಚಬೇಕೆಂಬುದು ಅದರ ತಾತ್ಪರ್ಯ. 24 ಅಂಕಿಗಳಿಗೆ ಆರು ವರ್ಗಗಳೆಂದಾಗುತ್ತದೆ. ಆದರೆ ಎಲ್ಲೆಗಳು ಪೂರ್ಣಾಂಕಗಳಾಗಿ ಸುಂದರವಾಗಿರಲೆಂದು ಯಂತ್ರವು ಅದನ್ನು ಐದಕ್ಕೆ ಇಳಿಸಿಕೊಂಡಿತು. ಇದು ಶಾಸ್ತ್ರವಾಕ್ಯವಲ್ಲ, ಸಲಹೆ ಮಾತ್ರ. ವಿದ್ವಾಂಸರು ತಮಗೆ ಬೇಕಾದ ವರ್ಗಾಂತರವನ್ನು ತಾವೇ ಹೇಳಬಹುದು:

ಹಿಸ್ಟ್(ಉತ್ಸೇಧ, ಬ್ರೇಕ್ಸ್ = ಸೀಕ್(0, 500, ಬೈ = 50))

ಇದರಲ್ಲಿ ‘ಸೀಕ್’ ಎಂಬುದು ಎಸ್, ಇ, ಕ್ಯೂ ಎಂಬ ಮೂರಕ್ಷರದ ಆದೇಶ. 0ಯಿಂದ 500ರವರೆಗೆ ಐವತ್ತರಂತೆ ಎಲ್ಲೆಗಳನ್ನು ಹಾಕುತ್ತದೆ. ಈಗ ಹತ್ತು ಕಂಬಗಳು: ಮೊದಲನೆಯದರಲ್ಲಿ 11, ಎರಡನೆಯದರಲ್ಲಿ 5, ಮುಂದಿನ ಎಂಟರಲ್ಲಿಯೂ ಒಂದೊಂದು. ನೂರಕ್ಕಿಂತ ಮೇಲೆ ಉತ್ಸೇಧವು ಐವತ್ತರಂತೆಯೇ ಇಳಿಯುತ್ತದೆಂಬ ನಿಯಮವು ಈ ಸಮನಾದ ಎಂಟು ಕಂಬಗಳಲ್ಲಿ ಸ್ಪಷ್ಟವಾಯಿತು. ಇದೇ ಅಂಕಿಗಳನ್ನು 250ರ ಎರಡೇ ವರ್ಗಗಳಲ್ಲಿಟ್ಟರೆ 19 ಮತ್ತು 5 ಎಂಬ ಎರಡು ಕಂಬಗಳುಳಿದು ನಿಯಮವು ಮರೆಯಾಗುತ್ತದೆ. ವರ್ಗಾಂತರವು ಹಿರಿದಾದರೆ ವಿವರ ನಾಶವಾಗುತ್ತದೆ. ತೀರ ಕಿರಿದಾದರೆ ಕಂಬಗಳು ಚದರಿ ಆಕಾರವೇ ಕಾಣದಾಗುತ್ತದೆ. ಎರಡು ಮೂರು ವರ್ಗಾಂತರಗಳಲ್ಲಿ ಚಿತ್ರವನ್ನು ಬರೆಸಿ ನೋಡಿದ ಹೊರತು ನಿರ್ಣಯಕ್ಕೆ ಬರಬಾರದು.

ಎಲ್ಲೆಯ ಮೇಲೆಯೇ ನಿಂತ ಅಂಕಿ ಯಾವ ವರ್ಗಕ್ಕೆ ಸೇರಬೇಕೆಂಬುದೂ ವಿಚಾರಾರ್ಹ. ಪುಷ್ಪದಂತನ 100 ಮೊದಲ ವರ್ಗದ್ದೋ ಎರಡನೆಯದ್ದೋ? ‘ಆರ್’ ಭಾಷೆಯ ರೂಢಿಯಂತೆ ವರ್ಗದ ಬಲಗಡೆಯ ಎಲ್ಲೆಯು ಆ ವರ್ಗಕ್ಕೇ ಸೇರುತ್ತದೆ. ಆದುದರಿಂದಲೇ ಮೊದಲ ಚಿತ್ರದಲ್ಲಿ 16, 2, 2, 2, 2 ಎಂದು ಬಂದದ್ದು. ‘ರೈಟ್ = ಫಾಲ್ಸ್’ ಎಂದು ಸೇರಿಸಿದರೆ (ಎರಡನೆಯ ಪದವು ಪೂರ್ತಿ ದೊಡ್ಡಕ್ಷರಗಳಲ್ಲಿ) ಎಡಗಡೆಯ ಎಲ್ಲೆ ಸೇರಿ, 15, 2, 2, 2, 3 ಎಂದಾಗುತ್ತದೆ. ಅಂಕಿಗಳು ಅವೇ, ಚಿತ್ರ ಮಾತ್ರ ಬೇರೆ. ಆದಕಾರಣ ಚಿತ್ರವನ್ನು ಪ್ರಕಟಿಸುವವರು ವರ್ಗಾಂತರವನ್ನೂ ಎಲ್ಲೆಯ ನಿಯಮವನ್ನೂ ಅಡಿಯಲ್ಲಿ ಬರೆಯಬೇಕು.

ಓಲೆಕಟ್ಟಿನ ಪರೀಕ್ಷೆ

ಈಗ ಹಸ್ತಪ್ರತಿಗೆ ಬರೋಣ. ಮುಂದಿನ ಅಂಕಿಗಳು ಯಾವುದೇ ಭಂಡಾರದ ಕಟ್ಟಿನವಲ್ಲ, ಅಭ್ಯಾಸಕ್ಕಾಗಿ ಕಲ್ಪಿಸಿದವು. ಹನ್ನೆರಡು ಗರಿಗಳ ಒಂದು ಕಟ್ಟಿನಲ್ಲಿ ಪಂಕ್ತಿಯೊಂದಕ್ಕೆ ಬರುವ ಅಕ್ಷರಗಳು ಹೀಗಿವೆಯೆನ್ನೋಣ:

ಅಕ್ಷರ <- ಸಿ(38, 39, 39, 40, 40, 41, 52, 53, 53, 54, 54, 55)

ಸಮರಿಯನ್ನು ಕೇಳಿದರೆ ಸರಾಸರಿ 46.5, ಮಧ್ಯಾಂಕವೂ 46.5. ಎರಡೂ ಒಂದೇ ಆದುದರಿಂದ ಹಂಚಿಕೆಯು ಸಮವಾಗಿದೆ, ಪ್ರತಿಯು ಏಕರೂಪದ್ದು ಎಂದು ಅವಸರದಲ್ಲಿ ತೀರ್ಮಾನಿಸುವ ಸಂಭವವುಂಟು. ಆದರೆ 46 ಅಥವಾ 47 ಅಕ್ಷರಗಳಿರುವ ಗರಿ ಈ ಕಟ್ಟಿನಲ್ಲಿ ಒಂದೂ ಇಲ್ಲ. 35ರಿಂದ 55ರವರೆಗೆ ಐದರ ವರ್ಗಗಳಲ್ಲಿ ಚಿತ್ರ ಬರೆಸಿದರೆ ಕಂಬಗಳು 5, 1, 0, 6 ಎಂದು ಬರುತ್ತವೆ. ನಡುವಣ ಬಯಲೇ ಮುಖ್ಯ ಸಂಗತಿ. ಇದು ಎರಡು ಗುಂಪಿನ ಗರಿಗಳ ಕಟ್ಟು. ಇಬ್ಬರು ಲಿಪಿಕಾರರು ಬರೆದಿರಬಹುದು. ಒಬ್ಬನೇ ಬೇರೆ ಬೇರೆ ಅಳತೆಯ ಓಲೆಗಳಲ್ಲಿ ಬರೆದಿರಬಹುದು. ಎರಡು ಪ್ರತಿಗಳ ಗರಿಗಳು ಒಂದೇ ದಾರಕ್ಕೆ ಪೋಣಿಸಲ್ಪಟ್ಟಿರಬಹುದು. ಇವುಗಳಲ್ಲಿ ಯಾವುದು ನಿಜವೆಂಬುದನ್ನು ಚಿತ್ರವು ಹೇಳಲಾರದು. ಲಿಪಿಯ ತಿರುವು, ಓಲೆಯ ಬಣ್ಣ, ರಂಧ್ರಗಳ ಸ್ಥಾನ, ಪತ್ರಸಂಖ್ಯೆಯ ಕ್ರಮ ಇವನ್ನು ನೋಡಿ ಪಂಡಿತನೇ ನಿರ್ಣಯಿಸಬೇಕು. ಎಲ್ಲಿ ನೋಡಬೇಕೆಂಬುದನ್ನು ಮಾತ್ರ ಚಿತ್ರವು ತೋರಿಸಿಕೊಟ್ಟಿತು.

ಹಾಗಾದರೆ 46.5 ಎಂಬ ಸರಾಸರಿಯು ವ್ಯರ್ಥವೇ? ಅಲ್ಲ. ಮೂವತ್ತೆರಡು ಅಕ್ಷರಗಳಿಗೆ ಒಂದು ಗ್ರಂಥ ಎಂಬ ಲೆಕ್ಕದಿಂದ ಕೃತಿಯ ಗ್ರಂಥಪ್ರಮಾಣವನ್ನು ಹೇಳುವ ಸಂಪ್ರದಾಯ ಪ್ರಸಿದ್ಧವಾಗಿದೆ. ಈ ಕಟ್ಟಿನ ಗರಿಗಳ ಎರಡು ಮಗ್ಗುಲಲ್ಲಿಯೂ ಎಂಟೆಂಟು ಪಂಕ್ತಿಗಳಿದ್ದರೆ ಒಟ್ಟು 192 ಪಂಕ್ತಿಗಳು; 46.5ರಿಂದ ಗುಣಿಸಿದರೆ 8928 ಅಕ್ಷರಗಳು; 32ರಿಂದ ಭಾಗಿಸಿದರೆ 279 ಗ್ರಂಥಗಳು. ಒಟ್ಟು ಮೊತ್ತವನ್ನು ಬಯಸುವಲ್ಲಿ ಸರಾಸರಿಯೇ ಸರಿಯಾದ ಸಾಧನ. ಇದನ್ನು ಬಿಟ್ಟು, 54 ಅಕ್ಷರಗಳ ಒಂದು ಗರಿಯನ್ನು ಮಾತ್ರ ಎಣಿಸಿ ಅದನ್ನೇ ಎಲ್ಲಕ್ಕೂ ಅನ್ವಯಿಸಿದರೆ 324 ಗ್ರಂಥಗಳಾಗುತ್ತವೆ. ವ್ಯತ್ಯಾಸ 45 ಗ್ರಂಥ. ಪ್ರಶಸ್ತಿಯಲ್ಲಿ ಕವಿಯೋ ಲಿಪಿಕಾರನೋ ಹೇಳಿದ ಪ್ರಮಾಣದೊಡನೆ ಇದನ್ನು ಹೋಲಿಸಿ, ಪ್ರತಿಯಲ್ಲಿ ಪ್ರಕ್ಷೇಪವಿದೆಯೆಂದೋ ಭಾಗಲೋಪವಾಗಿದೆಯೆಂದೋ ಹೇಳಹೊರಟರೆ, ಇಲ್ಲದ ದೋಷವನ್ನು ಕೃತಿಯ ಮೇಲೆ ಹೊರಿಸಿದಂತಾಗುತ್ತದೆ.

ತ್ರುಟಿತ ಸ್ಥಳಗಳು

ಗರಿಯು ಮುರಿದು ಅಕ್ಷರಗಳನ್ನು ಎಣಿಸಲಾಗದಿದ್ದರೆ ಏನು ಬರೆಯಬೇಕು? ಸೊನ್ನೆಯನ್ನು ಬರೆಯಕೂಡದು. ‘ಆರ್’ ಭಾಷೆಯಲ್ಲಿ ಇದಕ್ಕಾಗಿ ‘ಎನ್‌ಎ’ ಎಂಬ ಸಂಕೇತವಿದೆ, ದೊಡ್ಡಕ್ಷರಗಳಲ್ಲಿ ಬರೆಯಬೇಕು. ಸಂಪಾದಿತ ಪಾಠದಲ್ಲಿ ಚುಕ್ಕಿಗಳನ್ನಿಟ್ಟು ತ್ರುಟಿತವೆಂದು ಸೂಚಿಸುವುದಕ್ಕೆ ಇದು ಸಮಾನ. ಮೇಲಿನ ಕಟ್ಟಿನಲ್ಲಿ 55 ಅಕ್ಷರಗಳ ಗರಿಯು ಮುರಿದಿದ್ದು ಅಲ್ಲಿ ಸೊನ್ನೆ ಬರೆದರೆ ಸರಾಸರಿಯು 41.92ಕ್ಕೆ ಕುಸಿಯುತ್ತದೆ. ಎನ್‌ಎ ಎಂದು ಬರೆದರೆ ‘ಮೀನ್’ ಆದೇಶಕ್ಕೆ ಯಂತ್ರವು ಎನ್‌ಎ ಎಂದೇ ಉತ್ತರಿಸುತ್ತದೆ; ತಿಳಿಯದುದನ್ನು ಸೇರಿಸಿದ ಮೊತ್ತವೂ ತಿಳಿಯದುದೇ ಎಂಬುದು ಅದರ ನ್ಯಾಯ. ಅದನ್ನು ಬಿಟ್ಟು ಲೆಕ್ಕಮಾಡೆಂದು ಸ್ಪಷ್ಟವಾಗಿ ಹೇಳಿದರೆ ಮಾತ್ರ ಬಿಡುತ್ತದೆ:

ಮೀನ್(ಅಕ್ಷರ, ಎನ್‌ಎ.ಆರ್‌ಎಂ = ಟ್ರೂ)

ಇಲ್ಲಿಯೂ ಆದೇಶದ ಕೊನೆಯ ಪದ ದೊಡ್ಡಕ್ಷರಗಳದು. ಆಗ ಉಳಿದ ಹನ್ನೊಂದು ಗರಿಗಳ ಸರಾಸರಿ 45.73 ಎಂದು ಬರುತ್ತದೆ. ಆದರೆ ಮುರಿದ ಗರಿಯು ಎರಡನೆಯ ಗುಂಪಿನದೆಂದು ಲಿಪಿಯಿಂದ ತಿಳಿದಿದ್ದರೆ ಆ ಗುಂಪಿನ ಉಳಿದ ಐದು ಗರಿಗಳ ಸರಾಸರಿಯಾದ 53.2ನ್ನು ಆ ಗರಿಗೆ ಅಂದಾಜಾಗಿ ಹಿಡಿಯುವುದು ಹೆಚ್ಚು ಯುಕ್ತ. ಅದು ಅಂದಾಜೆಂಬುದನ್ನು ಮಾತ್ರ ಮರೆಯದೆ ಬರೆಯಬೇಕು.

ರೋಣ ಸೀಮೆಯ ಶಾಸನಗಳಿಗೆ ಅನ್ವಯ

ಇದೇ ಕ್ರಮವನ್ನು ಶಾಸನಗಳ ಕಾಲವಿಚಾರಕ್ಕೂ ಹಚ್ಚಬಹುದು. ಗದಗ ಜಿಲ್ಲೆಯ ರೋಣ ಸೀಮೆಯು ಇದಕ್ಕೆ ಒಳ್ಳೆಯ ಕ್ಷೇತ್ರ. ರೋಣದಲ್ಲಿ ಪಾರ್ಶ್ವನಾಥನ ಗುಡಿಯಿದೆ. ನರೇಗಲ್ಲಿನ 950ರ ಶಾಸನವು ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ್ದು. ಗಂಗ ಬೂತುಗನ ರಾಣಿ ಪದ್ಮಬ್ಬರಸಿಯು ಅಲ್ಲಿ ಬಸದಿಯನ್ನು ಕಟ್ಟಿಸಿದುದನ್ನು ಅದು ತಿಳಿಸುತ್ತದೆ. ಕಿಸುಕಾಡು ಎಪ್ಪತ್ತರ ಸೂಡಿಯು ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ರಾಜಪುತ್ರಿ ಅಕ್ಕಾದೇವಿಯ ಆಳ್ವಿಕೆಯೊಡನೆ ಹೆಣೆದುಕೊಂಡ ಊರು. ಹಳೆಯ ರೋಣ ತಾಲ್ಲೂಕಿನ ಶಾಸನಗಳು ಬಾಂಬೆ ಕರ್ನಾಟಕ ಶಾಸನಗಳ ಸಂಪುಟಗಳಲ್ಲಿ ಅಚ್ಚಾಗಿವೆ. ಒಂದೊಂದು ಶಾಸನಕ್ಕೂ ಒಂದೊಂದು ಸಾಲಿನಂತೆ ಊರು, ವರ್ಷ, ದಾನ ಪಡೆದವರು ಎಂಬ ಅಂಕಣಗಳಲ್ಲಿ ಪಟ್ಟಿಮಾಡಿ, ‘ರೀಡ್.ಸಿಎಸ್‌ವಿ’ ಎಂಬ ಆದೇಶದಿಂದ ಯಂತ್ರಕ್ಕೆ ಒಪ್ಪಿಸಿ, ವರ್ಷಗಳನ್ನು ಇಪ್ಪತ್ತೈದರ ವರ್ಗಗಳಲ್ಲಿ ಚಿತ್ರಿಸಿದರೆ ಬಸದಿಗಳಿಗೆ ದಾನಗಳು ಯಾವ ಕಾಲದಲ್ಲಿ ದಟ್ಟವಾದವು, ಯಾವಾಗ ವಿರಳವಾದವು ಎಂಬುದರ ಆಕಾರ ಕಾಣುತ್ತದೆ.

ಇಲ್ಲಿ ಮೂರು ಎಚ್ಚರಿಕೆಗಳು ಅವಶ್ಯ. ಮೊದಲನೆಯದು, ಮಾನದ ಐಕ್ಯ. ಶಕವರ್ಷಕ್ಕೆ ಸಾಮಾನ್ಯವಾಗಿ 78 ಕೂಡಿಸಬೇಕು. ಶಕ 872 ಕ್ರಿ. ಶ. 950 ಆಗುವುದು ಹೀಗೆ. ಆರನೆಯ ವಿಕ್ರಮಾದಿತ್ಯನು 1076ರಲ್ಲಿ ತೊಡಗಿಸಿದ ಚಾಲುಕ್ಯ ವಿಕ್ರಮ ವರ್ಷಕ್ಕಾದರೋ 1075 ಕೂಡಿಸಬೇಕು. ಇವೆರಡನ್ನು ಬೆರೆಸಿದರೆ ಧನುಸ್ಸಿನೊಡನೆ ಹಸ್ತವನ್ನು ಬೆರೆಸಿದ ದೋಷವೇ ಮತ್ತೆ ಬರುತ್ತದೆ.

ಎರಡನೆಯದು, ಅನಿಶ್ಚಿತ ಕಾಲ. ತೇದಿಯಿಲ್ಲದೆ ಲಿಪಿಯಿಂದ ಮಾತ್ರ ಹನ್ನೊಂದನೆಯ ಶತಮಾನದ್ದೆಂದು ಊಹಿಸಿದ ಶಾಸನಗಳನ್ನೆಲ್ಲ 1050 ಎಂದು ಬರೆದರೆ ಆ ವರ್ಗದಲ್ಲಿ ಒಂದು ಹುಸಿ ಶಿಖರ ಎದ್ದು ನಿಲ್ಲುತ್ತದೆ. ಅದನ್ನು ಇತಿಹಾಸದ ಉತ್ಕರ್ಷವೆಂದು ಭ್ರಮಿಸುವುದು ಸುಲಭ. ಅಂಥವನ್ನು ಪ್ರತ್ಯೇಕವಾಗಿ ಇಡಬೇಕು.

ಮೂರನೆಯದು, ಪ್ರಾಮಾಣ್ಯ. ಬೂತುಗನ ಹೆಸರಿನ, ಶಕ 860 ಅಂದರೆ ಕ್ರಿ. ಶ. 938ರ ತೇದಿಯುಳ್ಳ ಸೂಡಿಯ ತಾಮ್ರಪಟವು ಜೈನ ಬಸದಿಯ ದಾನವನ್ನು ಹೇಳುತ್ತದೆ. ಆದರೆ ‘ಎಪಿಗ್ರಾಫಿಯಾ ಇಂಡಿಕಾ’ದ ಮೂರನೆಯ ಸಂಪುಟದಲ್ಲಿ ಅದನ್ನು ಪ್ರಕಟಿಸಿದ ಫ್ಲೀಟ್ ಅವರು ಅದು ಕೂಟಶಾಸನವೆಂದು ನಿರ್ಣಯಿಸಿದರು. ಇದನ್ನು 938ರ ವರ್ಗದಲ್ಲಿ ಎಣಿಸಬೇಕೆ, ಲಿಪಿಯು ಸೂಚಿಸುವ ಕಾಲದಲ್ಲಿ ಎಣಿಸಬೇಕೆ, ಅಥವಾ ಬಿಡಬೇಕೆ? ಯಂತ್ರಕ್ಕೆ ಕೂಟವೂ ಸಾಚಾವೂ ಒಂದೇ. ಚಿತ್ರದ ಒಂದು ಕಂಬವು ಒಂದು ಅಂಗುಲ ಏರುವುದೋ ಇಳಿಯುವುದೋ ಎಂಬುದು ಇಲ್ಲಿ ಶಾಸನಶಾಸ್ತ್ರದ ವಿಮರ್ಶೆಯನ್ನೇ ಅವಲಂಬಿಸಿದೆ. ವಿಮರ್ಶೆಯಿಲ್ಲದ ಗಣನೆಯು ತಪ್ಪಿಗೆ ನಿಖರತೆಯ ವೇಷವನ್ನು ತೊಡಿಸುತ್ತದೆ.

ಸಂಖ್ಯೆ ಮತ್ತು ಸ್ಯಾದ್ವಾದ

ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು 1931ರಲ್ಲಿ ಸ್ಥಾಪಿಸಿದ ಪಿ. ಸಿ. ಮಹಲನೋಬಿಸ್ ಅವರು 1954ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ ಸಂಖ್ಯಾಶಾಸ್ತ್ರದ ತಳಹದಿಯನ್ನು ಜೈನ ಸ್ಯಾದ್ವಾದದೊಡನೆ ಹೋಲಿಸಿ ವಿಚಾರಿಸಿದ್ದಾರೆ. 1957ರಲ್ಲಿ ‘ಸಾಂಖ್ಯ’ ಪತ್ರಿಕೆಯಲ್ಲಿ ಅದು ಪುನರ್ಮುದ್ರಿತವಾಯಿತು, ಜೀವವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನ್ ಅವರೂ ಅದೇ ವರ್ಷ ಅದೇ ಪತ್ರಿಕೆಯಲ್ಲಿ ಸಪ್ತಭಂಗಿಯನ್ನು ಕುರಿತು ಬರೆದರು. ಈ ಹೋಲಿಕೆಯನ್ನು ಎಷ್ಟು ದೂರ ಒಯ್ಯಬಹುದೆಂಬುದು ನ್ಯಾಯಶಾಸ್ತ್ರಜ್ಞರು ನಿರ್ಣಯಿಸಬೇಕಾದ ವಿಷಯ. ಆದರೆ ಪ್ರಕೃತಕ್ಕೆ ಉಪಯುಕ್ತವಾದ ಒಂದು ಅಂಶ ಅದರಲ್ಲಿದೆ. ಕಟ್ಟಿನ ಪಂಕ್ತಿಗೆ 46.5 ಅಕ್ಷರಗಳು ಎಂಬ ಮಾತು ಗ್ರಂಥಪ್ರಮಾಣದ ದೃಷ್ಟಿಯಿಂದ ಸತ್ಯ; ಯಾವುದೇ ಒಂದು ಗರಿಯ ದೃಷ್ಟಿಯಿಂದ ಅಸತ್ಯ. ಉತ್ಸೇಧದ ಸರಾಸರಿ 136.42 ಎಂಬುದು ಮೊತ್ತದ ಅಪೇಕ್ಷೆಯಿಂದ. ಮಧ್ಯಾಂಕ 65 ಎಂಬುದು ಕ್ರಮದ ಅಪೇಕ್ಷೆಯಿಂದ. ಯಾವ ನಯದಿಂದ ಹೇಳಿದ ಸಂಖ್ಯೆಯೆಂಬುದನ್ನು ಹೇಳದೆ ಸಂಖ್ಯೆಯನ್ನು ಮಾತ್ರ ಮುಂದಿಡುವುದು ಏಕಾಂತ.

ಆದಕಾರಣ ಸೂಚಿಕಾರರು ಸರಾಸರಿಯೊಡನೆ ಮಧ್ಯಾಂಕವನ್ನೂ ಕನಿಷ್ಠ ಗರಿಷ್ಠಗಳನ್ನೂ ಅಳೆದ ಗರಿಗಳ ಸಂಖ್ಯೆಯನ್ನೂ ತ್ರುಟಿತಗಳ ಸಂಖ್ಯೆಯನ್ನೂ ಕೊಡುವುದು ಉಚಿತ. ಒಂದು ಗರಿಯನ್ನು ಎಣಿಸಿ ಇಡೀ ಕಟ್ಟಿಗೆ ಅನ್ವಯಿಸುವ ರೂಢಿಯನ್ನು ಬಿಟ್ಟು, ಸಾಧ್ಯವಾದಷ್ಟು ಗರಿಗಳನ್ನು ಎಣಿಸಿ ಪಟ್ಟಿಯಲ್ಲಿ ದಾಖಲಿಸಬೇಕು. ಓಲೆಗಳು ವರ್ಷದಿಂದ ವರ್ಷಕ್ಕೆ ಸೀಳುತ್ತಿವೆ, ಹುಳುವಿಗೆ ತುತ್ತಾಗುತ್ತಿವೆ. ಇಂದು ಎಣಿಸಬಹುದಾದ ಪಂಕ್ತಿಯು ನಾಳೆ ಎನ್‌ಎ ಆಗಬಹುದು. ಚಿತ್ರವನ್ನು ಎಂದು ಬೇಕಾದರೂ ಬರೆಸಬಹುದು. ಗರಿಗಳನ್ನು ಎಣಿಸುವ ಕೆಲಸ ಮಾತ್ರ ಈಗಲೇ ಆಗಬೇಕು.